ಸರ್ಮೆಟ್ ಕೋಟಿಂಗ್ ಎದ್ದು ಬಂದರೆ ಮೊದಲು ಚೂರನ್ನು ತಿರುಗಿಸಿ ನೋಡಿ

ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಪ್ಲಾಂಟ್‌ಗಳಲ್ಲಿ ಶಟ್‌ಡೌನ್ ಹತ್ತಿರ ಬಂತೆಂದರೆ ಪ್ರಿಹೀಟರ್‌ನ ಬಿಸಿ ಗ್ಯಾಸ್ ಎಳೆಯುವ ಐಡಿ ಫ್ಯಾನಿನ ಇಂಪೆಲ್ಲರ್ (ತಿರುಗುವ ರೆಕ್ಕೆಚಕ್ರ), ಪವರ್ ಪ್ಲಾಂಟಿನ ಬಾಯ್ಲರ್ ಟ್ಯೂಬ್ ಎರಡಕ್ಕೂ ಸರ್ಮೆಟ್, ಅಂದರೆ ಗಟ್ಟಿ ಕಾರ್ಬೈಡ್ ಕಣಗಳನ್ನು ಲೋಹದಲ್ಲಿ ಹಿಡಿದಿಟ್ಟ ಪದರದ, ಕೋಟಿಂಗ್ ಆರ್ಡರ್ ಹೊರಡುತ್ತದೆ. ಎಷ್ಟೋ ಸಲ ಎರಡಕ್ಕೂ ಒಂದೇ ಪೌಡರ್ ಬರೆದಿರುತ್ತಾರೆ.

ಟಂಗ್‌ಸ್ಟನ್ ಕಾರ್ಬೈಡ್-ಕೋಬಾಲ್ಟ್ ಬಹಳ ಗಟ್ಟಿ. ಆದರೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಕ್ಸಿಡೈಸ್ ಆಗಿ ಕೈಕೊಡುತ್ತದೆ. ಗ್ಯಾಸ್ 300 ಡಿಗ್ರಿ ಆಸುಪಾಸು ಇರುವ ಫ್ಯಾನಿಗೆ ಅದು ನಡೆಯುತ್ತದೆ, ಬಾಯ್ಲರ್‌ನಲ್ಲಿ ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಟ್ಯೂಬಿಗೆ ನಡೆಯದು. ಅಲ್ಲಿಗೆ ಕ್ರೋಮಿಯಂ ಕಾರ್ಬೈಡ್ 75, ನಿಕಲ್-ಕ್ರೋಮ್ 25ರ ಪೌಡರ್ ಬೇಕು. ಸುಮಾರು 850 ಡಿಗ್ರಿವರೆಗೆ ತಡೆಯುತ್ತದೆ, ಹಿಗ್ಗುವ ಪ್ರಮಾಣ ಉಕ್ಕಿಗೆ ಹತ್ತಿರವಿರುವುದರಿಂದ ಬಾಯ್ಲರ್ ಹೊತ್ತಿಸಿ ಆರಿಸುವಾಗ ಸುಲಭಕ್ಕೆ ಬಿರಿಯುವುದಿಲ್ಲ.

ಬೂದಿ ಯಾವ ಕೋನದಲ್ಲಿ ಬಡಿಯುತ್ತದೆ ಎಂಬುದನ್ನೂ ನೋಡಬೇಕು. 20–30 ಡಿಗ್ರಿಯಲ್ಲಿ ಸವರಿಕೊಂಡು ಹೋಗುವ ಕಡೆ ಸರ್ಮೆಟ್ ಚೆನ್ನಾಗಿ ಬಾಳುತ್ತದೆ. ನೇರ ಬಡಿತಕ್ಕೆ ಕಾರ್ಬೈಡ್ ಕಣಗಳೇ ಒಡೆದು ಉದುರುತ್ತವೆ. ಟ್ಯೂಬಿಗೆ ಕೂತ ಮಸಿಯನ್ನು ರಭಸದಿಂದ ಊದಿ ತೆಗೆಯುವ ಸೂಟ್ ಬ್ಲೋವರ್ ಎದುರಿನ ಟ್ಯೂಬಿಗೆ ಕೋಟಿಂಗ್ ನಂಬಬೇಡಿ, ಸ್ಟೇನ್‌ಲೆಸ್ ಶೀಲ್ಡ್ ಕಟ್ಟಿ.

ಇಷ್ಟೆಲ್ಲ ಸರಿಯಿದ್ದೂ ಪದರ ಎದ್ದರೆ ನನ್ನ ಅನುಮಾನ ಮೊದಲು ಬ್ಲಾಸ್ಟಿಂಗ್ ಮೇಲೆ, ಅಂದರೆ ಕೋಟಿಂಗ್‌ಗೆ ಮುಂಚೆ ಗಾಳಿಯ ರಭಸದಲ್ಲಿ ಗ್ರಿಟ್ (ಹರಳು) ಹೊಡೆದು ಮೇಲ್ಮೈ ಒರಟು ಮಾಡುವ ಕೆಲಸದ ಮೇಲೆ. ಹಳೆ ಇಂಪೆಲ್ಲರ್‌ಗೆ ಗ್ರೀಸ್ ಮೆತ್ತಿರುತ್ತದೆ. ಗ್ರಿಟ್ ಅದನ್ನು ತೆಗೆಯುವುದಿಲ್ಲ, ಇನ್ನೂ ಒಳಕ್ಕೆ ತಳ್ಳುತ್ತದೆ. ಮೊದಲು ಸಾಲ್ವೆಂಟ್‌ನಲ್ಲಿ ತೊಳೆದು, ಹಳೆ ಕೋಟಿಂಗ್ ಪೂರ್ತಿ ತೆಗೆದು, ಅಂಚುಗಳನ್ನು 1 ಮಿ.ಮೀ.ನಷ್ಟು ದುಂಡು ಮಾಡಿ, ಆಮೇಲೆ 24 ಮೆಶ್ ಅಲ್ಯೂಮಿನಾ ಹೊಡೆಯಿರಿ. ಮೇಲ್ಮೈಯ ಒರಟನ್ನು ಅಚ್ಚೊತ್ತಿಕೊಂಡು ಅಳೆಯುವ ರೆಪ್ಲಿಕಾ ಟೇಪಿನಲ್ಲಿ 50ರಿಂದ 75 ಮೈಕ್ರಾನ್ ಬರಬೇಕು.

ಬ್ಲಾಸ್ಟಿಂಗ್‌ನ ಕಂಪ್ರೆಸರ್ ಗಾಳಿಯಲ್ಲಿ ನೀರಿದ್ದರೆ ಇದೆಲ್ಲ ದಂಡ. ಗ್ರಿಟ್ ಬಂದ್ ಮಾಡಿ, ನಾಜಲ್ ಎದುರು ಬಿಳಿ ಬಟ್ಟೆಯನ್ನು ಒಂದು ನಿಮಿಷ ಹಿಡಿಯಿರಿ. ಒದ್ದೆ ಚುಕ್ಕೆಯೋ ಎಣ್ಣೆ ಕಲೆಯೋ ಕಂಡರೆ ಕೆಲಸ ಶುರು ಮಾಡಬೇಡಿ. ಬೇಸಿಗೆಯಲ್ಲಿ ನಮ್ಮ ಕಲಬುರಗಿ ಗಾಳಿ ಒಣಗಿರುತ್ತದಲ್ಲ ಎನ್ನುವವರಿದ್ದಾರೆ. 7 ಬಾರ್‌ಗೆ ಒತ್ತಿದ ಗಾಳಿ ಬೇರೆಯದೇ. ಅದರ ತೇವ ಬಿಸಿ ಆವಿಯಾಗಿಯೇ ನೀರು ಹಿಡಿಯುವ ಟ್ರ್ಯಾಪ್ ದಾಟಿ ಹೋಗಿ, ರಾತ್ರಿ ಪಾಳಿಯಲ್ಲಿ ತಣ್ಣಗಾದ ಹೋಸಿನೊಳಗೆ ನೀರಾಗಿ ಇಳಿಯುತ್ತದೆ. ಮಳೆಗಾಲದಲ್ಲಂತೂ ಬ್ಲಾಸ್ಟ್ ಆದ ಎರಡು ಗಂಟೆಯೊಳಗೆ ಸ್ಪ್ರೇ ಶುರುವಾಗಿರಬೇಕು, ಉಕ್ಕಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು.

ಪೌಡರನ್ನು ಬೆಂಕಿಯ ಜೆಟ್‌ನಲ್ಲಿ ಅತಿವೇಗವಾಗಿ ಸ್ಪ್ರೇ ಮಾಡುವ ಎಚ್‌ವಿಒಎಫ್ ಗನ್ ಮೇಲ್ಮೈಗೆ ಆದಷ್ಟು 90 ಡಿಗ್ರಿಗೆ ನಿಲ್ಲಲಿ. 45ಕ್ಕಿಂತ ಓರೆಯಾದರೆ ಪದರ ರಂಧ್ರಮಯ. ಬಿಡಿಭಾಗದ ಉಷ್ಣತೆ 150 ಡಿಗ್ರಿ ದಾಟದಂತೆ ಪಾಸ್‌ಗಳ (ಒಂದೊಂದು ಸುತ್ತು ಸ್ಪ್ರೇಗಳ) ನಡುವೆ ಗಾಳಿ ಹಾಯಿಸಿ. ದಪ್ಪ 200–300 ಮೈಕ್ರಾನ್ ಸಾಕು. ಜಾಸ್ತಿ ಬಾಳಲಿ ಎಂದು 500 ದಾಟಿಸಿದರೆ ಒಳ ಎಳೆತಕ್ಕೆ ಅಂಚಿನಿಂದಲೇ ಏಳುತ್ತದೆ.

ಎದ್ದ ಚೂರನ್ನು ತಿರುಗಿಸಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಬೆನ್ನು ನುಣುಪಾಗಿದ್ದರೆ ಬ್ಲಾಸ್ಟ್ ಸಾಲಲಿಲ್ಲ. ತುಕ್ಕು ಅಂಟಿದ್ದರೆ ಸ್ಪ್ರೇ ತಡವಾಗಿದೆ, ಇಲ್ಲವೇ ರಂಧ್ರಗಳಿಂದ ಆಮ್ಲ ಇಳಿದಿದೆ. ಉಕ್ಕಿನ ಮೇಲೆ ಅರ್ಧ ಪದರ ಉಳಿದು ಮೇಲಿನದಷ್ಟೇ ಬಂದಿದ್ದರೆ ಪಾಸ್‌ಗಳ ನಡುವೆ ಧೂಳು ಕೂತಿದೆ.

ದಪ್ಪ ಅಳೆಯುವಾಗ ಒಂದು ಎಚ್ಚರ: ಕೋಬಾಲ್ಟ್ ಅಯಸ್ಕಾಂತಕ್ಕೆ ಒಲಿಯುತ್ತದೆ, ಹಾಗಾಗಿ ಮ್ಯಾಗ್ನೆಟಿಕ್ ಗೇಜ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಜೊತೆಗೇ ಒಂದು ಟೆಸ್ಟ್ ಕೂಪನ್ (ಪರೀಕ್ಷೆಗೆಂದೇ ಇಟ್ಟ ಉಕ್ಕಿನ ಸಣ್ಣ ತುಂಡು) ಸ್ಪ್ರೇ ಮಾಡಿಸಿ, ಮೈಕ್ರೋಮೀಟರ್‌ನಲ್ಲಿ ಅಳೆದು, ಅದಕ್ಕೆ ಗೇಜ್ ಹೊಂದಿಸಿಕೊಳ್ಳಿ. ಇಂಪೆಲ್ಲರ್ ಬ್ಯಾಲೆನ್ಸಿಂಗ್ ಕೋಟಿಂಗ್ ಆದ ಮೇಲೆಯೇ. ತಿದ್ದುಪಡಿ ತೂಕ ವೆಲ್ಡ್ ಮಾಡುವ ಜಾಗಕ್ಕೆ ಮುಂಚೆಯೇ ಮಾಸ್ಕಿಂಗ್ ಹಾಕಿಸಿರಿ.