ನಾಲಿಗೆಗೆ ಹತ್ತಿದ ಚೊಗರು

ಭಾವ ಇಂಗ್ಲೆಂಡಿನ ಹೆರೆಫರ್ಡ್‌ಶೈರ್ ಕಡೆ ಕೆಲಸದಲ್ಲಿದ್ದಾರೆ. ಹೋದ ಆಷಾಢದಲ್ಲಿ ತೀರ್ಥಹಳ್ಳಿಯ ನಮ್ಮ ಮನೆಗೆ ಬಂದವರು ಪಂಚೆಯಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ಹೊರತೆಗೆದರು. ‘ಫಾರ್ಮ್‌ಹೌಸ್ ಸೈಡರ್, ಡ್ರೈ’ ಅಂತ ಚೀಟಿ. ಸೇಬಿನ ರಸ ಹುದುಗಿಸಿ ಮಾಡೋ ಮದ್ಯ. ಆಪಲ್ ಸೈಡರ್ ಅಂದದ್ದು ಕಿವಿಗೆ ಬಿದ್ದು ಅಮ್ಮ ಒಳಗಿಂದಲೇ, “ಸಣ್ಣ ಆಗೋಕೆ ನೀರಿಗೆ ಹಾಕ್ಕೊಂಡು ಕುಡೀತಾರಲ್ಲ, ಅದಾ?” ಅಂದರು.

“ಅದರ ಅಣ್ಣ, ಅತ್ತೆ” ಅಂದರು ಭಾವ. ಸುಳ್ಳೇನಲ್ಲ. ಇದೇ ಗಾಳಿಗೆ ಕೂತು ಹುಳಿ ಬಂದರೆ ವಿನೆಗರ್ ತಾನೇ?

ನಮ್ಮನೆ ಜಗಲಿಯಲ್ಲಿ ಇಂಥದ್ದಕ್ಕೆಲ್ಲ ಜಾಗವಿಲ್ಲ. ಎರಡು ಸ್ಟೀಲ್ ಲೋಟ ಹಿಡಿದು ಉಪ್ಪರಿಗೆ ಹತ್ತಿದೆವು. ಹೊರಗೆ ಪುನರ್ವಸು ಮಳೆ. ಲೋಟಕ್ಕೆ ಬಗ್ಗಿಸಿದರೆ ನೊರೆಯಿಲ್ಲ, ಗುಳ್ಳೆಯಿಲ್ಲ, ಮಬ್ಬು ಹಳದಿ ಬಣ್ಣ. ಮೂಗಿಗೆ ಹಿಡಿದರೆ ಕಳಿತ ಹಣ್ಣಿನ ಜೊತೆ ಸ್ವಲ್ಪ ಕೊಟ್ಟಿಗೆಯ ಹುಲ್ಲಿನ ವಾಸನೆ.

ನಾನು ಜ್ಯೂಸಿನ ಲೆಕ್ಕದಲ್ಲಿ ದೊಡ್ಡ ಗುಟುಕನ್ನೇ ಎಳೆದೆ. ಸಿಹಿ ಅನ್ನೋದು ಹೆಸರಿಗೂ ಇಲ್ಲ! ಮೊದಲು ಹುಳಿ. ನುಂಗಿದ ಮೇಲೆ ಕೆನ್ನೆಯೊಳಗೆಲ್ಲ ಒಗರು ಹಿಡಿದು ನಾಲಿಗೆ ದಪ್ಪಗಾಯಿತು. ಈ ರುಚಿ ನನಗೆ ಗೊತ್ತು. ಸುಗ್ಗಿಯಲ್ಲಿ ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಕಡುಗೆಂಪು ಚೊಗರು ಉಳಿಯುತ್ತದಲ್ವಾ, ಚಿಕ್ಕವನಿದ್ದಾಗ ಅದಕ್ಕೆ ಬೆರಳದ್ದಿ ಚೀಪಿ ಬಾಯಿ ಸೊಟ್ಟ ಮಾಡಿಕೊಂಡಿದ್ದೆ. ಅಲ್ಲೂ ಇಲ್ಲೂ ಆಟ ಒಗರು ಕೊಡುವ ಟ್ಯಾನಿನ್‌ದೇ.

ಸೈಡರಿನ ಸೇಬು ತಿನ್ನೋ ಸೇಬಲ್ಲವಂತೆ. ಡಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್ ಅಂತೆಲ್ಲ ಹೆಸರು, ಸಣ್ಣ ಸಣ್ಣ ಹಣ್ಣು, ಕಚ್ಚಿದರೆ ಒಗರು. ಅವನ್ನು ಅರೆದು, ಹಿಂಡಿ, ರಸವನ್ನು ಪೀಪಾಯಿಗೆ ತುಂಬಿಡುತ್ತಾರೆ. ಹಳೇ ಕ್ರಮದವರು ಯೀಸ್ಟನ್ನೂ ಹಾಕೋದಿಲ್ಲ. ಹಣ್ಣಿನಲ್ಲಿ, ಹಿಂಡುವ ಯಂತ್ರದಲ್ಲಿ ಇರೋದೇ ಸಾಕು. ಚಳಿಗಾಲವಿಡೀ ನಿಧಾನಕ್ಕೆ ಹುದುಗುವಾಗ ಸಕ್ಕರೆಯೆಲ್ಲ ಆಲ್ಕೋಹಾಲ್ ಆಗಿಬಿಡುತ್ತದೆ. ಅದಕ್ಕೇ ಡ್ರೈ. ಈ ಬಾಟಲಿಯ ಮೇಲೆ ಶೇ. 6.5 ಅಂತಿತ್ತು.

ನಿಜ ಹೇಳಬೇಕೆಂದರೆ ಮೊದಲ ಲೋಟ ಸೇರಲಿಲ್ಲ, ಮರ್ಯಾದೆಗೆ ಮುಗಿಸಿದೆ. ಅಷ್ಟರಲ್ಲಿ ಅಮ್ಮ ಹಲಸಿನ ಹಪ್ಪಳ ಕರಿದು ಮೆಟ್ಟಿಲ ಮೇಲಿಟ್ಟು, ನಮ್ಮನ್ನು ನೋಡದ ಹಾಗೆ ಕೆಳಗಿಳಿದರು. ಎಣ್ಣೆ, ಖಾರ, ಮೇಲೊಂದು ಗುಟುಕು. ಎಣ್ಣೆಯ ಜಿಡ್ಡನ್ನು ಒಗರು ಹಾಗೇ ತೊಳೆದುಹಾಕಿತು. ಇನ್ನೊಂದು ಹಪ್ಪಳ, ಇನ್ನೊಂದು ಗುಟುಕು. ಸಿಟಿಯಲ್ಲಿ ಸೈಡರ್ ಅಂತ ಒಮ್ಮೆ ಕುಡಿದಿದ್ದ ಸಿಹಿ ಸೋಡಾ ನೆನಪಾಗಿ ಸಿಟ್ಟೇ ಬಂತು.

ಮೂರನೇ ಲೋಟಕ್ಕೆ ಬರೀ ತಳದ ಗಷ್ಟು ಬಂತು. ಭಾವ ಅದನ್ನೂ ಬಿಡಲಿಲ್ಲ. ನಾನು ತಟ್ಟೆಯ ಹಪ್ಪಳದ ಚೂರು ಬಳಿದೆ.