371ಜೆ ಇದ್ದರೂ ನಿಮ್ಮ ಮಕ್ಕಳು ಯಾಕೆ ಹಿಂದೆ?

ಬೆಂಗಳೂರಿನ ಕಡೆ ಹೋದಾಗ, ಮದುವೆಮನೆಯಲ್ಲೋ ರೈಲಿನಲ್ಲೋ, ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಗಣಿತ ಮಾಸ್ತರ ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ: 'ಕಲ್ಯಾಣ ಕರ್ನಾಟಕದವರು ಅಂತ ಸಂವಿಧಾನದ 371ಜೆ ವಿಧಿಯಲ್ಲಿ ನಿಮಗೆ ಕಾಲೇಜು ಸೀಟು ಮೀಸಲಿದೆ. ಆದರೂ ಎಸ್ಸೆಸ್ಸೆಲ್ಸಿಯಲ್ಲಿ ಕೊನೆ ಯಾಕೆ? ಮಕ್ಕಳಿಗೆ ಓದೋ ಮನಸ್ಸಿಲ್ವಾ?'

ಕೊನೆ ಅನ್ನುವುದು ಸುಳ್ಳಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ಅದರ ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಆದರೆ 371ಜೆ ಸೀಟು, ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗೆ ಶೇ 8, ಸಿಗುವುದು ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿದವರಿಗೆ. ನಮ್ಮ ಮಕ್ಕಳು ಜಾರುವುದು ಅದಕ್ಕೂ ಎಷ್ಟೋ ಮೊದಲು.

ಇನ್ನು ಮನಸ್ಸಿನ ಮಾತು. 'ನನ್ನ ತಲಿಗಿ ಲೆಕ್ಕ ಹತ್ತಂಗಿಲ್ರಿ ಸರ' ಅನ್ನುತ್ತಿದ್ದ ಹತ್ತನೇ ತರಗತಿಯ ಹುಡುಗಿ 1/2ಕ್ಕೆ 1/3 ಕೂಡಿಸಿ 2/5 ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. 'ಅರ್ಧ ರೊಟ್ಟಿ ತಿಂದು ಮ್ಯಾಲ ಇನ್ನಷ್ಟು ತಿಂದ್ರ, ಅರ್ಧಕ್ಕಿಂತ ಕಡಿಮಿ ತಿಂದಂಗ ಆಗ್ತದೇನವ್ವಾ?' ಅಂದೆ. ನಕ್ಕಳು, ಅಳಿಸಿದಳು, ಛೇದ 6 ಮಾಡಿಕೊಂಡು 5/6 ತಂದಳು. ತಲೆಗೇನೂ ಆಗಿರಲಿಲ್ಲ. ಭಿನ್ನರಾಶಿ ಪಾಠ ನಡೆದಾಗ ಅವಳು ಅವ್ವ-ಅಪ್ಪನ ಜೊತೆ ಪುಣೆಯಲ್ಲಿದ್ದಳು, ಕಟ್ಟಡದ ಕೆಲಸದ ಶೆಡ್ಡಿನಲ್ಲಿ, ತಮ್ಮನನ್ನು ನೋಡಿಕೊಳ್ಳುತ್ತಾ. ತೊಗರಿ ರಾಶಿ ಮುಗಿದ ಮೇಲೆ ಇಲ್ಲಿ ಕೂಲಿ ಇರುವುದಿಲ್ಲ. ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ.

ಬುದ್ಧಿ ಹುಟ್ಟಿಗೇ ನಿಗದಿಯಾಗಿಲ್ಲ, ಬೆಳೆಯುತ್ತದೆ ಎಂಬ ನಂಬಿಕೆ ಕಲಿಕೆಗೆ ಬಲ ಕೊಡುತ್ತದೆ ಅಂತ ಮನಶ್ಶಾಸ್ತ್ರಜ್ಞೆ ಕೆರೋಲ್ ಡ್ವೆಕ್ ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಅವರೂ ಕೈಜೋಡಿಸಿದ, 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನೋಡಿ. ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12 ಸಾವಿರ ಮಕ್ಕಳಲ್ಲಿ ಕೆಲವರಿಗೆ ಒಂದು ತಾಸೂ ಇಲ್ಲದ ಪಾಠದಲ್ಲಿ ಈ ನಂಬಿಕೆ ಕಲಿಸಿದರು. ಹಿಂದಿದ್ದವರ ಅಂಕ ತುಸು ಏರಿತು. ಆ ಫಲ ಚೆನ್ನಾಗಿ ಕಂಡದ್ದು ಜೊತೆಯವರೂ ಕಷ್ಟದ ಲೆಕ್ಕಕ್ಕೆ ಕೈಹಾಕುವ ಶಾಲೆಗಳಲ್ಲಿ. ನಮ್ಮಲ್ಲಿ ಜನವರಿಗೆ ಅರ್ಧ ಬೆಂಚು ಖಾಲಿಯಾದರೆ ಆ ಜೊತೆಯವರು ಎಲ್ಲಿಂದ ಬರಬೇಕು?

ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಳಾಪಟ್ಟಿ ಕೊಟ್ಟು ಸಮಾನತೆ ಅಂದರೆ ನನಗೆ ಸಿಟ್ಟು ಬರುತ್ತದೆ. ಹಿರಿಯರು ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಉಂಡು ಮಲಗಲು ಜಾಗ ಬೇಕು. ಎಂಟನೇ ತರಗತಿಗೆ ಬಂದ ಕೂಡಲೇ ಯಾವ ಪಾಠ ತಪ್ಪಿದೆ ಅಂತ ನೋಡಿ, ಅಲ್ಲಿಂದಲೇ ಶುರು ಮಾಡಬೇಕು. ಪ್ರೇರಣೆಯ ಭಾಷಣ ಮಾಡಲು ಬರುತ್ತೇವೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಬರ್ರಿ, ಮೈಕ್ ಬ್ಯಾಡ, ನಾಕು ಹುಡುಗರನ್ನ ಕೂಡಿಸ್ಕೊಂಡು ಭಿನ್ನರಾಶಿ ಹೇಳಿಕೊಡ್ರಿ.