ಆಧಾರ ಮೇಷ್ಟ್ರ ಕೆಂಪು ಇಂಕು

ನಮ್ಮ ಅಂತರರಾಷ್ಟ್ರೀಯ ಕಾನೂನಿನ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂತು. ಅದರ ಕೆಳಗೆ ಯಾರೋ ಎರಡೇ ಪದ ಬರೆದರು: "ಆಧಾರ ಏನು?" ಆಮೇಲೆ ತುಂಬಾ ಹೊತ್ತು ಯಾರೂ ಏನೂ ಬರೆಯಲಿಲ್ಲ.

ಆ ಎರಡು ಪದ ಅವರವು. ಕ್ಲಾಸಿನಲ್ಲಿ ನಾವು ಏನೇ ಹೇಳಿದರೂ ಕನ್ನಡಕ ಮೇಲೆತ್ತಿ ಕೇಳುತ್ತಿದ್ದರು. ಹಾಗಾಗಿ ಅವರಿಗೆ ಆಧಾರ ಮೇಷ್ಟ್ರು ಅಂತಲೇ ಹೆಸರು. ಸಿಲೆಬಸ್‌ನಲ್ಲಿ ಏನಿತ್ತು ಅಂತ ಈಗ ಕೇಳಿದರೆ ನನಗೆ ಒಂದು ಘಟಕವೂ ನೆನಪಿಲ್ಲ. ಒಂದು ದಿನದ ಪಾಠ ಮಾತ್ರ ನೆನಪಿದೆ. ಅವತ್ತು ಪೂರ್ತಿ ಒಂದು ಗಂಟೆ ಒಂದೇ ಪದದ ಮೇಲೆ ಮಾತಾಡಿದ್ದರು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ, ಮೊದಲ ವಿಧಿಯಲ್ಲಿ, 'ಎಲ್ಲ ಪುರುಷರು' ಎಂಬ ಅರ್ಥವೂ ಬರುವ ಪದ ಇತ್ತು. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಹಟ ಹಿಡಿದು ಅದನ್ನು 'ಎಲ್ಲ ಮಾನವರು' ಅಂತ ಮಾಡಿಸಿದರು. "ಒಬ್ಬ ಹೆಂಗಸು, ಒಂದು ಪದ. ನೀವು ಪುಟಗಟ್ಟಲೆ ಬರೀತೀರಿ, ಏನು ಬದಲಾಗುತ್ತೆ?" ಅಂದಿದ್ದರು.

ಈಗ ನಮ್ಮ ಕಿತಾಪತಿಯ ಕಥೆ. 2004ರ ಜನವರಿ. ಲೈಬ್ರರಿಗೆ ಸಂಜೆ ಐದಕ್ಕೇ ಬೀಗ ಬೀಳುತ್ತಿತ್ತು. ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಇಂಟರ್ನ್‌ಶಿಪ್ ಅರ್ಜಿ ಬರೆಯಲು ಕೂತಿದ್ದ ನಮಗೆ ತೀರ್ಪುಗಳ ಸಂಪುಟ ಬೇಕಿದ್ದದ್ದು ಆರರ ನಂತರ. ಒಂದು ರಾತ್ರಿ ಐದು ಜನ ಸೇರಿ, ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಕೊಡುವ ದೂರಿನ ನಮೂನೆಯಲ್ಲೇ, ಕಾಲೇಜಿನ ವಿರುದ್ಧ ಒಂದು ದೂರು ತಯಾರಿಸಿದೆವು. ಕಾಲೇಜೇ 'ಪ್ರತಿವಾದಿ ರಾಷ್ಟ್ರ'. ಸಾರ್ವತ್ರಿಕ ಘೋಷಣೆಯ 26ನೇ ವಿಧಿ, ಅಂದರೆ ಶಿಕ್ಷಣದ ಹಕ್ಕು, ಉಲ್ಲಂಘನೆಯಾಗಿದೆ ಅಂತ ಬರೆದು, ಸಹಿ ಹಾಕದೆ ನೋಟಿಸ್ ಬೋರ್ಡಿಗೆ ಅಂಟಿಸಿ ಓಡಿದೆವು.

ಬೆಳಿಗ್ಗೆ ಪ್ರಿನ್ಸಿಪಾಲರ ಮುಖ ಕೆಂಪಗಾಗಿತ್ತಂತೆ. ಹಾಳೆ ಮೇಷ್ಟ್ರ ಕೈಗೆ ಹೋಯಿತು. ಅವರು ಅದನ್ನು ಕ್ಲಾಸಿಗೆ ತಂದರು. ತುಂಬ ಕೆಂಪು ಇಂಕು.

"ದೂರಿಗೆ ಸಹಿ ಇಲ್ಲ. ಐಚ್ಛಿಕ ಪ್ರೋಟೋಕಾಲಿನ, ಅಂದರೆ ವ್ಯಕ್ತಿಗಳು ಸಮಿತಿಗೆ ದೂರು ಕೊಡಲು ದಾರಿ ಮಾಡಿಕೊಡುವ ಒಪ್ಪಂದದ, 3ನೇ ವಿಧಿ ಓದಿ. ಹೆಸರಿಲ್ಲದ ದೂರನ್ನು ಸಮಿತಿ ತೆಗೆದುಕೊಳ್ಳೋದಿಲ್ಲ." ಕ್ಲಾಸು ಗಪ್‌ಚುಪ್. "ಎರಡನೆಯದು. ಆ ಸಮಿತಿ ನೋಡೋದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು. ನೀವು ಹಿಡಿದುಕೊಂಡು ಬಂದಿರೋದು ಘೋಷಣೆಯನ್ನು. ತಪ್ಪು ಬಾಗಿಲು ತಟ್ಟಿದ್ದೀರಿ. ಮೂರನೆಯದು, ಅದೇ ಪ್ರೋಟೋಕಾಲಿನ 5ನೇ ವಿಧಿ. ಮನೆಯೊಳಗಿನ ದಾರಿ ಎಲ್ಲ ಮುಗಿಸಿದ ಮೇಲೆ ತಾನೇ ಹೊರಗೆ ಬರಬೇಕಾದದ್ದು? ಲೈಬ್ರೇರಿಯನ್‌ಗೆ ಒಂದು ಅರ್ಜಿ ಕೊಟ್ಟಿದ್ರಾ?"

ಕೊಟ್ಟಿರಲಿಲ್ಲ. ಕೇಳಬೇಕು ಅಂತ ಹೊಳೆದೇ ಇರಲಿಲ್ಲ.

"ಮೊದಲು ಇದಕ್ಕೆ ಸಹಿ ಹಾಕಿ," ಅಂತ ಹಾಳೆಯನ್ನು ಮೇಜಿನ ಮೇಲಿಟ್ಟರು. ನಾನು ಎದ್ದು ಹೋಗಿ ಮೊದಲ ಸಹಿ ಹಾಕಿದೆ. ಉಳಿದ ನಾಲ್ವರು ನನ್ನ ಹಿಂದೆ ಬಂದರು. ಮಾರನೇ ದಿನ ಲೈಬ್ರೇರಿಯನ್‌ಗೆ ಎರಡು ಸಾಲಿನ ಅರ್ಜಿ ಕೊಟ್ಟೆವು. ವಾರದೊಳಗೆ ಲೈಬ್ರರಿ ಎಂಟರವರೆಗೆ ತೆರೆಯತೊಡಗಿತು. ಅಷ್ಟೇ!

ನನಗೆ ಜಿನೀವಾದ ಒಂದು ಸಣ್ಣ ಸಂಸ್ಥೆಯಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಾಗ ಶಿಫಾರಸು ಪತ್ರ ಬರೆದವರು ಇವರೇ. "ಈ ವಿದ್ಯಾರ್ಥಿಗೆ ದಿನಾಂಕಗಳ ಬಗ್ಗೆ ಗಮನ ಕಡಿಮೆ. ಹೇಳಿದರೆ ಕೇಳುತ್ತಾನೆ." ಹೊಗಳಿಕೆ ಇಷ್ಟೇ. ಸಂಬಳ ಇಲ್ಲ ಅಂತ ತಿಳಿದಾಗ ಜೋರಾಗಿ ನಕ್ಕರು. "ಘೋಷಣೆಯ 23ನೇ ವಿಧಿ ಅವರಿಗೂ ಒಂದು ಪ್ರತಿ ಕಳಿಸು. ದುಡಿದವನಿಗೆ ನ್ಯಾಯವಾದ ಕೂಲಿ ಅಂತಿದೆ."

ಅಲ್ಲಿ ನಾನು ನ್ಯಾಯಾಲಯದಲ್ಲಿ ಗುಡುಗಲಿಲ್ಲ. ಸಮಿತಿಗೆ ಹೋಗುವ ದೂರುಗಳಿಗೆ ಕಾಲಾನುಕ್ರಮ ಬರೆದೆ. ಯಾವತ್ತು ಹಿಡಿದರು, ಯಾವತ್ತು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು, ಯಾವತ್ತು ಮೇಲ್ಮನವಿ, ಯಾವತ್ತು ಉತ್ತರ. ಆ ದೇಶ ಪ್ರೋಟೋಕಾಲಿಗೆ ಒಳಪಡುವ ಮೊದಲೇ ನಡೆದು ಮುಗಿದ ಘಟನೆಯಾದರೆ ದೂರು ಅಲ್ಲೇ ಬಿದ್ದುಹೋಗಬಹುದು. ಹಾಗಾಗಿ ಒಂದೊಂದು ತಾರೀಕೂ ಮುಖ್ಯ. ಒಂದು ಕಡತದಲ್ಲಿ 4/7 ಅಂತ ಇದ್ದದ್ದನ್ನು ನಾನು ಏಪ್ರಿಲ್ 7 ಅಂತ ಓದಿದೆ. ಅದು ಜುಲೈ 4. ನನ್ನ ಪಟ್ಟಿಯ ಪ್ರಕಾರ ಆ ಮನುಷ್ಯನ ಬಂಧನ ಪ್ರೋಟೋಕಾಲಿಗಿಂತ ಮೊದಲೇ ಆಗಿಹೋಗಿತ್ತು! ಮೇಲಿನವರು ಕಳಿಸುವ ಮುನ್ನ ಹಿಡಿದರು, ಬಚಾವಾದೆ. ಅವತ್ತು ಮೇಷ್ಟ್ರ ಪತ್ರ ನೆನಪಾಗಿ ಕಿವಿ ಬಿಸಿಯಾಯಿತು.

ಕಲಿತ ಇನ್ನೊಂದು ಸಂಗತಿ, ಯಾರ ಹೆಸರನ್ನು ಎಲ್ಲಿ ಬರೆಯಬಾರದು ಅನ್ನುವುದು. ಸಮಿತಿಗೆ ದೂರುದಾರನ ಹೆಸರು ಬೇಕು, ಸರಿ. ಆದರೆ ಪ್ರಕಟವಾಗುವ ಶ್ಯಾಡೋ ರಿಪೋರ್ಟಿನಲ್ಲಿ (ಸರ್ಕಾರದ ವರದಿಗೆ ಪರ್ಯಾಯವಾಗಿ ಸಂಸ್ಥೆಗಳು ಸಮಿತಿಗೆ ಕೊಡುವ ವರದಿ) ಸಾಕ್ಷಿಯ ಊರು ಬರೆದರೂ ಸಾಕು, ಅವನ ಮನೆ ಬಾಗಿಲಿಗೆ ಯಾರಾದರೂ ಹೋಗಬಹುದು. ನೊಂದವರನ್ನು ಮಾತಾಡಿಸಲು ನಮ್ಮನ್ನು ಬಿಡುತ್ತಲೇ ಇರಲಿಲ್ಲ. ಆಗ ಬೇಜಾರಾಗಿತ್ತು. ಈಗ ಅದೇ ಸರಿ ಅನ್ನಿಸುತ್ತದೆ.

ಒಂದು ಮಾತು ಹೇಳಿಕೊಳ್ಳದೆ ಇರಲಾರೆ. ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಇದ್ದ ಕಟ್ಟಡ ಪ್ಯಾಲೆ ವಿಲ್ಸನ್‌ನಲ್ಲಿ ಸಮಿತಿಯ ಜುಲೈ ಅಧಿವೇಶನ. ಹದಿನೆಂಟು ಸದಸ್ಯರು, ಎದುರಿಗೆ ಒಂದು ದೇಶದ ನಿಯೋಗ, ಹಿಂದಿನ ಸಾಲಿನಲ್ಲಿ ಟಿಪ್ಪಣಿ ಬರೆಯುತ್ತಾ ನಾನು. ಒಬ್ಬ ಸದಸ್ಯರು ಕೇಳಿದ ಪ್ರಶ್ನೆ ನಮ್ಮ ವರದಿಯಲ್ಲಿ ನಾನು ಬರೆದ ವಾಕ್ಯದ ಹಾಗೇ ಇತ್ತು. ಹೆಚ್ಚು ಕಡಿಮೆ ಪದಕ್ಕೆ ಪದ. ಈ ಕಥೆಯನ್ನು ನನ್ನ ಮನೆಯವರು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ.

ಈಗ ನನ್ನ ಮೇಜಿಗೂ ಇಂಟರ್ನ್‌ಶಿಪ್ ಅರ್ಜಿಗಳು ಬರುತ್ತವೆ. ಎಲ್ಲವೂ ಒಂದೇ ಥರ ನಯ. ಎಲ್ಲರಿಗೂ ಮಾನವ ಹಕ್ಕುಗಳ ಮೇಲೆ 'ಅಪಾರ ಒಲವು'. ಎರಡೆರಡು ವಾರದ ಹತ್ತು ಸರ್ಟಿಫಿಕೇಟು, ಜೊತೆಗೆ ಜಿನೀವಾದಲ್ಲಿ ವಿಶ್ವಸಂಸ್ಥೆಯ ಕಚೇರಿ ಎದುರಿಗಿರುವ ಆ ದೊಡ್ಡ ಮುರಿದ ಕುರ್ಚಿಯ ಶಿಲ್ಪದ ಮುಂದೆ ಒಂದು ಫೋಟೋ. (ಹನ್ನೆರಡು ಮೀಟರ್ ಎತ್ತರದ ಆ ಕುರ್ಚಿಯ ಮುಂದೆ ನಾನೂ ನಿಂತು ತೆಗೆಸಿಕೊಂಡಿದ್ದೇನೆ, ಬಿಡಿ.) ಯಾವ ಒಡಂಬಡಿಕೆಗೆ ಯಾವ ಸಮಿತಿ ಅಂತ ಕೇಳಿದರೆ ತಡವರಿಸುತ್ತಾರೆ. ಮಕ್ಕಳದ್ದೇ ತಪ್ಪು ಅನ್ನಲಾರೆ. ಕಾಲೇಜುಗಳು ಕೇಳುವುದೇ ಸರ್ಟಿಫಿಕೇಟಿನ ಸಂಖ್ಯೆ. ದುಡ್ಡಿನ ವಿಷಯವೂ ಹಾಗೇ ಉಳಿದಿದೆ. 2015ರಲ್ಲಿ ವಿಶ್ವಸಂಸ್ಥೆಯ ಒಬ್ಬ ಇಂಟರ್ನ್ ಜಿನೀವಾದಲ್ಲಿ ಡೇರೆ ಹಾಕಿಕೊಂಡು ಮಲಗಿದ್ದು ದೊಡ್ಡ ಸುದ್ದಿಯಾಯಿತು. ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಥರದವರು ಸ್ಟೈಪೆಂಡ್ ಕೊಡುತ್ತಾರೆ, ನಿಜ. ಕೊಡದ ಕಡೆ ಅಪ್ಪನ ಹತ್ತಿರ ದುಡ್ಡಿದ್ದವರು ಮಾತ್ರ ಬಡವರ ಹಕ್ಕಿನ ಕೆಲಸ ಕಲಿಯುತ್ತಾರೆ. ನನಗೆ ಸಾಲ ತೀರಿಸಲು ಎರಡು ವರ್ಷ ಬೇಕಾಯಿತು.

ಮೇಷ್ಟ್ರ ನೆನಪಿನ ಸಭೆಗೆ ಐವರೂ ಹೋಗಿದ್ದೆವು. ಅವರ ಮಗಳು ಒಂದು ಹಳೆಯ ಫೈಲು ತಂದುಕೊಟ್ಟರು. ಒಳಗೆ ನಮ್ಮ ದೂರು. ಕೆಂಪು ಇಂಕು ಕಂದುಬಣ್ಣಕ್ಕೆ ತಿರುಗಿದೆ. ಕೊನೆಯಲ್ಲಿ ಐದು ಸಹಿ, ಒಂದರ ಕೆಳಗೊಂದು. ಇಪ್ಪತ್ತು ವರ್ಷದಿಂದ ನಾನು ಎಲ್ಲರಿಗೂ ಹೇಳಿಕೊಂಡು ಬಂದ ಆ ಮೊದಲ ಸಹಿ ನನ್ನದಲ್ಲ. ನನ್ನದು ಐದನೆಯದು. ಪಕ್ಕದಲ್ಲಿ 2003 ಅಂತ ಇಸವಿ ಹಾಕಿದ್ದೇನೆ. ಅದಕ್ಕೆ ಮೇಷ್ಟ್ರು ಸುತ್ತು ಹಾಕಿದ್ದಾರೆ.